ಷೆಡ್ಡಿನಲ್ಲಿ ಇನ್ನೂ ನುಡಿಸುತ್ತಿದ್ದಾರೆ

ಪೆಡಲ್ ಮೇಲೆ ಇಡಲೆಂದು ಎತ್ತಿದ ಕಾಲನ್ನು ಡ್ರಮ್ಮಿನವನು ಮತ್ತೆ ಹಿಂದಕ್ಕೆಳೆದುಕೊಂಡ.

"ನನ್ನ ಕೈಲಾಗಲ್ಲ. ನೀವೇ ಒತ್ತಿ ಡಾಕ್ಟ್ರೇ."

"ನಾನು ಹಲ್ಲು ಕೀಳೋಳು ಕಣಯ್ಯಾ, ಜೀವ ತೆಗೆಯೋಳಲ್ಲ," ಎಂದರು ಬೇಸ್ ಗಿಟಾರ್ ನುಡಿಸುವ ಹಲ್ಲಿನ ಡಾಕ್ಟರು.

ಅವರಿಬ್ಬರ ನಡುವೆ ಒಂದು ಖಾಲಿ ಸ್ಟೂಲು. ಅದರ ಪಕ್ಕದ ಸ್ಪೀಕರಿನಲ್ಲಿ ಗಿಟಾರ್ ನುಡಿಯುತ್ತಲೇ ಇತ್ತು.

ನಿನ್ನೆ ಸಂಜೆ ಮೂವರೂ ಅಭ್ಯಾಸಕ್ಕೆ ಕೂತಿದ್ದರು. ಲಿಫ್ಟ್ ರಿಪೇರಿಯ ಅಣ್ಣ ಒಂದು ಸಾಲು ನುಡಿಸಿ, ಕಾಲಲ್ಲಿ ಲೂಪ್ ಪೆಡಲ್ ಒತ್ತಿದರು. ಪೆಡಲ್ ಆ ಸಾಲನ್ನು ಹಿಡಿದುಕೊಂಡು ಮತ್ತೆ ಮತ್ತೆ ನುಡಿಸತೊಡಗಿತು. ಅದರ ಮೇಲೆ ಎರಡನೇ ಸಾಲು ಸೇರಿಸಬೇಕಾದವರು ಗೋಡೆಗೊರಗಿ ಕಣ್ಣು ಮುಚ್ಚಿದರು. ಅಣ್ಣನಿಗೆ ಏನೋ ಹೊಳೆಯುತ್ತಿದೆ ಎಂದುಕೊಂಡು ಇವರಿಬ್ಬರೂ ಬಹಳ ಹೊತ್ತು ಜೊತೆಗೆ ನುಡಿಸಿದರು. ಇವತ್ತು ಚೆನ್ನಾಗಿ ಬರ್ತಿದೆ ಅಂತಲೂ ಅಂದುಕೊಂಡರು.

ಹಳೇ ಪೆಡಲ್. ನಿಲ್ಲಿಸಿದರೆ ಒಳಗಿದ್ದದ್ದು ಅಳಿಸಿಹೋಗುತ್ತದೆ. ಹಾಗಾಗಿ ಅಣ್ಣನ ಉಸಿರು ನಿಂತುಹೋಗಿದ್ದರೂ ಗಿಟಾರ್ ನಿಂತಿರಲಿಲ್ಲ.

ಬೆಳಗಾಗುವಷ್ಟರಲ್ಲಿ ಇಡೀ ಮನೆ ಅದಕ್ಕೆ ಒಗ್ಗಿಹೋಗಿತ್ತು. ಬಚ್ಚಲಿನ ನಲ್ಲಿ ಆ ತಾಳಕ್ಕೇ ತೊಟ್ಟಿಕ್ಕುತ್ತಿತ್ತು. ಬೀದಿನಾಯಿ ಒಂದೊಂದು ಸುತ್ತು ಮುಗಿದ ಮೇಲಷ್ಟೇ ಬೊಗಳುತ್ತಿತ್ತು. ನೆಂಟರು ಅಳುತ್ತಿದ್ದದ್ದೂ ಅದರ ಲೆಕ್ಕಕ್ಕೇ. ತಾಳ ತಪ್ಪಿ ಅತ್ತ ಒಬ್ಬ ದೂರದ ಸಂಬಂಧಿಯನ್ನು ಎಲ್ಲರೂ ತಿರುಗಿ ನೋಡಿದರು.

ತೀರಿಹೋದವರ ದೊಡ್ಡಣ್ಣ ಷೆಡ್ಡಿಗೆ ತಲೆ ಹಾಕಿದರು.

"ಏನ್ರಪ್ಪಾ, ಗಾಡಿಯವನು ಹಾರ್ನ್ ಮೇಲೆ ಹಾರ್ನ್ ಹೊಡೀತಿದಾನೆ. ಇವನ ಹೆಂಡ್ತಿ ನೋಡಿದ್ರೆ, ಅದು ನಿಲ್ಲೋವರೆಗೂ ಹೆಣ ಎತ್ತೋ ಹಾಗಿಲ್ಲ ಅಂತಾಳೆ. ಅವರಿನ್ನೂ ನುಡಿಸ್ತಿದಾರೆ, ಅರ್ಧದಲ್ಲಿ ಎಬ್ಬಿಸಿ ಕಳಿಸ್ತೀರಾ, ಅಂತ ನನ್ನನ್ನೇ ಕೇಳ್ತಾಳೆ!"

"ನಿಲ್ಸಿದ್ರೆ ಹೋಗ್ಬಿಡುತ್ತೆ, ದೊಡ್ಡಣ್ಣಾ," ಎಂದ ಡ್ರಮ್ಮಿನವನು.

"ಮೊಬೈಲಲ್ಲಿ ಹಿಡ್ಕೊಂಡು ಆಫ್ ಮಾಡ್ರಯ್ಯಾ!"

"ಹಿಡಿದಾಯ್ತು," ಎಂದರು ಡಾಕ್ಟರು. "ಅಕ್ಕನಿಗೂ ಅದನ್ನ ಕೇಳಿಸಿದೆ. ಇದು ಬರೀ ಫೋಟೋ ಕಣೇ, ಅವರಲ್ಲ, ಅಂದ್ರು."

ಹೊರಗೆ ಹಾರ್ನ್ ಕೇಳಿಸಿತು. ಅದೂ ತಾಳಕ್ಕೆ ಸರಿಯಾಗಿಯೇ ಇತ್ತು.

*

ಪೆಡಲ್ ಬಂದ ದಿನವೇ ಡ್ರಮ್ಮಿನವನು ಮುನಿಸಿಕೊಂಡಿದ್ದ.

"ನಾನು ಸ್ವಲ್ಪ ಓಡಿದ್ರೆ ನೀವು ಜೊತೆಗೆ ಓಡ್ತಿದ್ರಿ. ನಿಧಾನ ಮಾಡಿದ್ರೆ ಕಾಯ್ತಿದ್ರಿ. ಈ ಡಬ್ಬಕ್ಕೆ ಕಿವಿಯೇ ಇಲ್ಲ. ಅದು ನನ್ನ ಮಾತು ಕೇಳಲ್ಲ."

"ಹಾಗಾದ್ರೆ ನೀನು ಅದರ ಮಾತು ಕೇಳು," ಅಂದಿದ್ದರು ಅಣ್ಣ. "ಮನೇಲಿ ಒಬ್ರಾದ್ರೂ ಕೇಳ್ಬೇಕಲ್ಲ."

ಹಗಲೆಲ್ಲ ಲಿಫ್ಟಿನ ಗುಂಡಿಯೊಳಗೆ ಇಳಿದು ಗ್ರೀಸ್ ಹಚ್ಚುತ್ತಿದ್ದ ಅಣ್ಣನಿಗೆ ಅವಸರವೆಂಬುದೇ ಇರಲಿಲ್ಲ. ಒಂದು ಮದುವೆಯಲ್ಲಿ ಪೆಡಲ್ ಒತ್ತಿದ ಗಳಿಗೆಗೇ ಮೈಕಿನೆದುರು ಸೀನಿಬಿಟ್ಟರು. ಸೀನು ಹಾಡಿನೊಳಗೆ ಸೇರಿಕೊಂಡು ಸುತ್ತುಸುತ್ತಿಗೂ ಬರತೊಡಗಿತು. ಅಣ್ಣ ಅಳಿಸಲಿಲ್ಲ. ಡ್ರಮ್ಮಿನವನಿಗೆ ಕಣ್ಣಲ್ಲೇ, ಅದರ ಮೇಲೆ ಒಂದು ಪೆಟ್ಟು ಹಾಕು, ಎಂದರು. ಮದುಮಕ್ಕಳು ಸೀನು ಬಂದಾಗಲೆಲ್ಲ ಎಗರಿ ಎಗರಿ ಕುಣಿದರು. ಆಮೇಲೆ ಊರಿನ ಮದುವೆಯವರೆಲ್ಲ ಬಂದು ಆ ಸೀನಿನ ಹಾಡೇ ಬೇಕೆಂದು ಹಟ ಹಿಡಿದರು. ನೆಗಡಿ ಇಲ್ಲದ ಕಾಲದಲ್ಲಿ ತಂಡಕ್ಕೆ ಕೆಲಸವೇ ಸಿಗುತ್ತಿರಲಿಲ್ಲ.

*

"ನನ್ನ ಸವತಿ ಎಲ್ಲಿ? ತೋರಿಸಿ."

ಬಾಗಿಲಲ್ಲಿ ಅಣ್ಣನ ಹೆಂಡತಿ ನಿಂತಿದ್ದರು. ಮದುವೆಯಾದಾಗಿನಿಂದ ಈ ಷೆಡ್ಡಿನ ಹೊಸಿಲು ತುಳಿದವರಲ್ಲ. ಊಟಕ್ಕೆ ಕರೆಯುವುದಿದ್ದರೂ ಅಡುಗೆಮನೆ ಕಿಟಕಿಯಿಂದಲೇ ಕೂಗುತ್ತಿದ್ದರು.

ಡ್ರಮ್ಮಿನವನು ನೆಲದ ಕಡೆ ಬೆರಳು ತೋರಿದ.

"ಇಷ್ಟೇ ಇದೆಯಾ? ನಾನು ಇನ್ನೂ ದೊಡ್ಡದಾಗಿರುತ್ತೆ ಅಂದ್ಕೊಂಡಿದ್ದೆ." ಅವರು ಸ್ಟೂಲಿನ ಮೇಲೆ ಕೂತರು. "ಯಾರೂ ಮಾಡಲ್ಲ ಅಂದ್ರೆ ನಾನೇ ಮಾಡ್ಬೇಕು, ಇನ್ನೇನು."

"ಅತ್ತಿಗೆ, ತಡೀರಿ—"

ಅಷ್ಟರಲ್ಲಿ ಒತ್ತಿಯಾಗಿತ್ತು. ಕೆಂಪು ದೀಪ ಹತ್ತಿತು. ಅವರು ಮೈಕಿನ ಮೇಲಿಂದ ಸ್ಪೀಕರಿನ ಕಡೆ ಬಾಗಿ, ಊಟಕ್ಕೆ ಕರೆಯುವ ದನಿಯಲ್ಲೇ ಹೇಳಿದರು.

"ಸಾಕು ರೀ. ಗಾಡಿ ಬಂದಿದೆ. ಏಳಿ."

ಡಾಕ್ಟರು ಬಗ್ಗಿ ಪೆಡಲನ್ನು ಕೈಯಲ್ಲೇ ಇನ್ನೊಮ್ಮೆ ಒತ್ತಿದರು. ಕೆಂಪು ದೀಪ ಆರಿತು. ಗಿಟಾರ್ ಮಾತ್ರ ನಿಲ್ಲಲಿಲ್ಲ. ಮುಂದಿನ ಸುತ್ತು ಬಂದಾಗ ಅದರ ಜೊತೆಗೇ ಬಂತು: ಸಾಕು ರೀ. ಗಾಡಿ ಬಂದಿದೆ. ಏಳಿ.

ನಡುಮನೆಯಲ್ಲಿದ್ದ ನೆಂಟರು, ಯಾವುದಕ್ಕೂ ಇರಲಿ ಎಂದು, ಒಮ್ಮೆ ಹೆಣದ ಕಡೆ ನೋಡಿದರು.

"ಅಕ್ಕಾ, ಸುಮ್ನೆ ತಟ್ಟಿದ್ರೆ ಒಳಗೆ ಸೇರ್ಕೊಳುತ್ತೆ. ಒತ್ತಿ ಹಿಡ್ಕೊಂಡ್ರೆ ನಿಲ್ಲುತ್ತೆ," ಎಂದರು ಡಾಕ್ಟರು.

ಅವರಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯುತ್ತಿರಲಿಲ್ಲ.

"ನನ್ನನ್ನೂ ಸೇರಿಸ್ಕೊಂಡ್ರಾ?" ಎಂದರು ಕೊನೆಗೆ. "ಅಪಸ್ವರ ಆಗಿಲ್ಲ ತಾನೇ?"

"ಇಲ್ಲ ಅಕ್ಕಾ. ಸರಿಯಾಗಿದೆ."

ಡ್ರಮ್ಮಿನವನು ಹೋಗಿ ತನ್ನ ಜಾಗದಲ್ಲಿ ಕೂತ. ಕೋಲುಗಳನ್ನು ಎತ್ತಿಕೊಂಡ. ಅವತ್ತು ಅವನು ಓಡಲಿಲ್ಲ, ಎಳೆಯಲಿಲ್ಲ. ಡಾಕ್ಟರ ಬೇಸ್ ಬಂದು ಜೊತೆಗೂಡಿತು. ಗಿಟಾರಿನ ಸಾಲು, ಅದರ ಹಿಂದೆಯೇ ಏಳಿ ಎಂಬ ಕರೆ. ಮತ್ತೆ ಸಾಲು, ಮತ್ತೆ ಕರೆ. ಕೇಳುತ್ತ ಕೇಳುತ್ತ ಅದು ಎಬ್ಬಿಸುವ ಮಾತೋ ಮಲಗಿಸುವ ಹಾಡೋ ಗೊತ್ತಾಗದೆ ಹೋಯಿತು. ದೊಡ್ಡಣ್ಣ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಗಾಡಿಯವನು ಇಂಜಿನ್ ಆಫ್ ಮಾಡಿದ.

ಅಣ್ಣನ ಹೆಂಡತಿ ಕಣ್ಣು ಮುಚ್ಚಿ ತಮ್ಮ ಗಂಡನ ಜೊತೆ ಒಂದಷ್ಟು ಸುತ್ತು ಕೂತರು. ಆಮೇಲೆ ಚಪ್ಪಲಿ ಬಿಟ್ಟು, ಬರಿಗಾಲನ್ನು ಮೆಲ್ಲಗೆ ಪೆಡಲ್ ಮೇಲಿಟ್ಟು, ಒತ್ತಿ ಹಿಡಿದರು.

ಮುಂದಿನ ಸುತ್ತಿನ ಮೊದಲ ಪೆಟ್ಟಿಗೆಂದು ಎತ್ತಿದ್ದ ಡ್ರಮ್ಮಿನವನ ಕೋಲು ಗಾಳಿಯಲ್ಲೇ ನಿಂತಿತು. ಹೆಣ ಎತ್ತಿದರು, ಅಂಗಳ ದಾಟಿದರು, ಕೋಲು ಇಳಿಯಲಿಲ್ಲ. ಡ್ರಮ್ಮಿನವನನ್ನೂ ಗಾಡಿ ಹತ್ತಿಸುವಾಗ, ಬಾಗಿಲಿಗೆ ತಗುಲದಂತೆ, ಡಾಕ್ಟರು ಆ ಎತ್ತಿದ ಕೈಯನ್ನು ಸ್ವಲ್ಪ ಬಗ್ಗಿಸಬೇಕಾಯಿತು.