ಪೊರೆಗೆ ಮೆತ್ತಿದ್ದ ಮಣ್ಣು

ನನ್ನ ತಮ್ಮ ಶುಭಮ್ ಚೆನ್ನಾಗಿ ಈಜುತ್ತಿದ್ದ. ನಾಗನೂರಿನ ಕಾಲುವೆಯಲ್ಲಿ ಎಮ್ಮೆ ತೊಳೆಯುತ್ತ ಬೆಳೆದವನು ಅದೇ ಕಾಲುವೆಯಲ್ಲಿ ಕಾಲು ಜಾರಿ ಬಿದ್ದು ಸತ್ತ ಅಂತ ಪೊಲೀಸರು ಬರೆದುಕೊಂಡರು. ದಂಡೆಯ ಬೇವಿನ ಮರದ ಕೆಳಗೆ ಅವನ ಟವೆಲ್ಲು, ಚಪ್ಪಲಿ ಇದ್ದವಂತೆ. ಜಳಕಕ್ಕೆ ಇಳಿದಿದ್ದಾನೆ, ಮುಳುಗಿದ್ದಾನೆ, ಮುಗಿಯಿತು. ಆ ಚಪ್ಪಲಿ ಅಂಗಡಿಯಿಂದ ತಂದ ದಿನವೂ ಅಷ್ಟು ಸ್ವಚ್ಛ ಇರಲಿಲ್ಲ. ಯಾರೋ ಅವನ್ನು ತೊಳೆದಿಟ್ಟಿದ್ದಾರೆ ಅಂತ ನಾನು ಹೇಳಿದಾಗ ಠಾಣೆಯ ಸಾಹೇಬರು ಪೆನ್ನನ್ನೇ ಎತ್ತಲಿಲ್ಲ.

ಶುಭಮ್ ಯಮಕನಮರಡಿ ಕಡೆಯ ಒಂದು ಗುಡ್ಡದಲ್ಲಿ ಶಿದ್ಲಿಂಗಪ್ಪನ ಜೆಸಿಬಿ ಓಡಿಸುತ್ತಿದ್ದ. ಪರವಾನಗಿ ಮುಗಿದ ಮೇಲೂ ಅಲ್ಲಿ ಕೆಂಪು ಗರಸು ಮಣ್ಣು ಅಗೆಯುತ್ತಲೇ ಇದ್ದರು. ಇವನು ಅದರ ವಿಡಿಯೊ ಮಾಡಿ ಗಣಿ ಇಲಾಖೆಯ ಕಚೇರಿಗೆ ಕಳಿಸಿದ. ಅಂಥ ಕೆಲಸ ಮಾಡಿದವನನ್ನು ಯಾರು ಸುಮ್ಮನೆ ಬಿಡುತ್ತಾರೆ? ಮೇ ತಿಂಗಳ ಒಂದು ಸಂಜೆ "ಗುಡ್ಡಕ್ಕ ಕರದಾರ, ಮಾತಾಡಿ ಬರ್ತೇನಿ" ಅಂತ ಅವ್ವನಿಗೆ ಹೇಳಿ ಹೆಗಲಿಗೆ ಟವೆಲ್ಲು ಹಾಕಿಕೊಂಡು ಹೋದ. ಬೆಳಗ್ಗೆ ಕಾಲುವೆಯಲ್ಲಿ ಸಿಕ್ಕ. ಅವನು ಗುಡ್ಡಕ್ಕೆ ಬಂದೇ ಇಲ್ಲ ಅಂತ ಶಿದ್ಲಿಂಗಪ್ಪ ಹೇಳಿದ, ಅವನ ಆಳುಗಳೂ ಹಾಗೇ ಹೇಳಿದರು. ಶುಭಮ್‌ನ ಮೊಬೈಲು ಸಿಗಲೇ ಇಲ್ಲ. ಅದು ಯಾವ ಟವರಿನ ಹತ್ತಿರ ಇತ್ತು ಅಂತ ತಿಳಿಯಬೇಕಾದರೆ ಮೊದಲು ಕೇಸು ಬೇಕಂತೆ.

"ಆ ರಾತ್ರಿ ಅವ ಗುಡ್ಡದಾಗ ಇದ್ದ ಅನ್ನಾಕ ಒಂದ್ ಪುರಾವೆ ತರ್ರಿ," ಅಂದರು ಸಾಹೇಬರು. "ತಂದ್ರ ನಾನ ಮುಂದ ನಿಂತು ಕೇಸು ತೆಗೀತೇನಿ."

ಇಷ್ಟು ಹೇಳಿ ನನ್ನನ್ನು ಸಾಗಹಾಕಿದೆ ಅಂತ ಅವರು ಅಂದುಕೊಂಡಿರಬೇಕು. ಆದರೆ ಶುಭಮ್‌ಗೆ ಮಣ್ಣು ಕೊಟ್ಟು ಬಂದ ಎರಡು ದಿನಕ್ಕೆ ಪುರಾವೆ ನಮ್ಮ ಮನೆಗೇ ಬಂತು. ಪೊಲೀಸರು ವಾಪಸು ಕೊಟ್ಟ ಟವೆಲ್ಲನ್ನು ಅವ್ವ ಅಂಗಳದಲ್ಲಿ ಬಿಡಿಸಿದಾಗ ಮಡಿಕೆಯೊಳಗೆ ಒಂದು ಹುಳ ಕಚ್ಚಿಕೊಂಡು ಕೂತಿತ್ತು. ಹುಳವಲ್ಲ, ಹುಳದ ಪೊರೆ. ಬೆನ್ನು ಸೀಳಿತ್ತು, ಒಳಗೆ ಬರೀ ಗಾಳಿ. ನನ್ನ ಅವ್ವ ಕರೆವ್ವ ಮಗನ ಮೈಮೇಲಿನ ಒಂದು ದಾರವನ್ನೂ ಎಸೆಯುವವಳಲ್ಲ. ಪೊರೆಯನ್ನು ಬಿಡಿಸಿ ಕುಂಕುಮದ ಖಾಲಿ ಡಬ್ಬಿಯಲ್ಲಿಟ್ಟಳು. ನಾನು ಮತ್ತೆ ಠಾಣೆಗೆ ಅಲೆದು ಬಂದಾಗ ಕತ್ತಲಾಗಿತ್ತು. ಹಳದಿ ಬಲ್ಬಿನ ಕೆಳಗೆ ಡಬ್ಬಿ ತೆಗೆದು ನೋಡಿದೆ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದೆ.

ನಾನು ಸಾಲೆಯೊಂದರಲ್ಲಿ ವಿಜ್ಞಾನದ ಅತಿಥಿ ಶಿಕ್ಷಕಿ. ಅದು ಜೀರುಂಡೆಯ ಪೊರೆ ಎಂಬಷ್ಟು ನನಗೆ ಗೊತ್ತಾಯಿತು. ಬೇಸಿಗೆಯಲ್ಲಿ ಮರದ ಮೇಲೆ ಕೂತು ಕಿವಿ ಕಿತ್ತುಹೋಗುವಂತೆ ಕೂಗುತ್ತದಲ್ಲ, ಅದು. ಅದರ ಮರಿ ವರ್ಷಗಟ್ಟಲೆ ನೆಲದೊಳಗಿದ್ದು ಒಂದು ರಾತ್ರಿ ಮೇಲೆ ಬರುತ್ತದೆ, ಹತ್ತಿರ ಸಿಕ್ಕಿದ್ದನ್ನು ಹಿಡಿದುಕೊಂಡು ಪೊರೆ ಕಳಚಿ ಹಾರಿಹೋಗುತ್ತದೆ. ಅಂದರೆ ಆ ರಾತ್ರಿ ಟವೆಲ್ಲು ಯಾವ ಮರದ ಕೆಳಗೆ ಬಿದ್ದಿತ್ತೋ ಆ ಮರದ ನೆಲದಿಂದಲೇ ಇದು ಎದ್ದು ಬಂದಿದೆ. ಇದು ಗುಡ್ಡದಲ್ಲಿ ಮಾತ್ರ ಇರುವ ಜೀರುಂಡೆಯಾದರೆ ಶಿದ್ಲಿಂಗಪ್ಪನ ಮಾತು ಸುಳ್ಳಾಗುತ್ತದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಮ್ಮ ಸತ್ತ ಮೇಲೆ ಮೊದಲ ಸಲ ದುಃಖವಲ್ಲದೆ ಬೇರೇನೋ ಇತ್ತು, ಅದನ್ನು ಸಂತೋಷ ಅಂತಲೇ ಹೇಳಬೇಕು.

ಗೋಕಾಕದಲ್ಲಿ ಬಾಳೇಶ ಸರ್ ಇದ್ದಾರೆ. ಕೀಟಶಾಸ್ತ್ರ ಕಲಿಸಿ ನಿವೃತ್ತರಾದವರು, ಮನೆಯ ಒಂದು ಕೋಣೆಯ ತುಂಬ ಸೂಜಿ ಚುಚ್ಚಿದ ಜೀರುಂಡೆಗಳ ಪೆಟ್ಟಿಗೆ ಇಟ್ಟುಕೊಂಡವರು. ಹಿಂದೊಮ್ಮೆ ನಮ್ಮ ಸಾಲೆಗೆ ಬಂದು ಮಕ್ಕಳಿಗೆ ಪಾಠ ಹೇಳಿದ್ದರು. ಮರುದಿನವೇ ಡಬ್ಬಿ ಹಿಡಿದು ಅವರ ಮನೆಗೆ ಹೋದೆ. ತಮ್ಮ ಸತ್ತ ಸಂಗತಿ ಹೇಳಿದೆ, ಸಾಹೇಬರ ಮಾತನ್ನೂ ಹೇಳಿದೆ. ಸರ್ ಕಣ್ಣು ಒದ್ದೆ ಮಾಡಿಕೊಂಡರು. ನಾಟಕದ ಮನುಷ್ಯ ಅಲ್ಲ ಅವರು.

"ಅಳಬ್ಯಾಡ ತಂಗಿ. ಇದು ಯಾವ ಕುಲದ್ದು ಅಂತ ಇವತ್ತ ಹೇಳಿಬಿಡ್ತೇನಿ," ಅಂದರು. ನಮ್ಮ ಓಣಿಯವರಿಗೆ ಕುಲ ಕೇಳುವವರ ಕೊರತೆ ಎಂದೂ ಬಿದ್ದಿಲ್ಲ. ಆದರೆ ಅವತ್ತು ಆ ಮಾತು ಕೇಳಿ ನನಗೆ ಧೈರ್ಯ ಬಂತು.

ಸರ್ ಹೆಂಡತಿ ದಾಕ್ಷಾಯಿಣಿ ಅಕ್ಕ ಸ್ಟೀಲಿನ ಬಟ್ಟಲಲ್ಲಿ ಬಿಸಿನೀರು ತಂದಿಟ್ಟರು. ಸರ್ ಅದಕ್ಕೆ ಒಂದು ಹನಿ ಸೋಪು ಬಿಟ್ಟು ಪೊರೆಯನ್ನು ಇಕ್ಕಳದಿಂದ ಹಿಡಿದು ಮುಳುಗಿಸಿದರು. ಕೂಸಿಗೆ ಎರೆಯುವ ಹಾಗೆ ಮೆತ್ತನೆಯ ಕುಂಚದಿಂದ ಕಾಲು, ಹೊಟ್ಟೆ, ಬೆನ್ನು ತಿಕ್ಕಿದರು. ಮೊದಲು ತೊಳೆಯಬೇಕು, ಇಲ್ಲದಿದ್ದರೆ ಲಕ್ಷಣ ಕಾಣುವುದಿಲ್ಲ ಅಂತ ಹೇಳಿದರು. ದೀಪ ಹಿಡಿದು ನಿಂತವಳು ನಾನೇ. ನೀರು ರಾಡಿಯಾಯಿತು. ಅಕ್ಕ ಬಟ್ಟಲು ಎತ್ತಿಕೊಂಡು ಹೋದರು.

ಆಮೇಲೆ ಸರ್ ಸೂಕ್ಷ್ಮದರ್ಶಕದ ಮೇಲೆ ಬಗ್ಗಿದರು. ಮುಂಗಾಲಿನ ತೊಡೆ ದಪ್ಪ, ಅದರ ಕೆಳಗೆ ನೆಲ ಅಗೆಯುವ ಹಲ್ಲು, ಹಲ್ಲಿನ ಪಕ್ಕ ಬಾಚಣಿಗೆಯಂಥ ಸಾಲು. ಮೈ ಗಿಡ್ಡ, ಗುಂಡು. ಒಂದೊಂದಾಗಿ ನನಗೂ ತೋರಿಸಿದರು. ಪೆಟ್ಟಿಗೆಯಿಂದ ಬೆಳೆದ ಹುಳ ತೆಗೆದು ಪಕ್ಕಕ್ಕಿಟ್ಟರು. ಕೊರಳ ಹಿಂದಿನ ಕವಚ ಎರಡೂ ಬದಿಗೆ ಮೂಲೆಯಾಗಿ ಚಾಚಿತ್ತು, ಮುಂದಿನ ರೆಕ್ಕೆಯ ಬುಡ ಮಬ್ಬಾಗಿ ಚುಕ್ಕೆ ಚುಕ್ಕೆಯಾಗಿತ್ತು. ಗಂಡಿನ ಹೊಟ್ಟೆಯ ಬದಿಗಳಲ್ಲಿ ಕೂಗು ಹುಟ್ಟಿಸುವ ಭಾಗದ ಮೇಲೆ ಎರಡು ಸಣ್ಣ ಮುಚ್ಚಳ ಇದ್ದವು.

"ಪ್ಲಾಟಿಪ್ಲೂರಾ," ಅಂದರು. ಮುಖ ಅರಳಿತ್ತು. "ಅನುಮಾನನ ಇಲ್ಲ. ಇನ್ನೊಂದು ಗುರ್ತು ಐತಿ ನೋಡು. ನಮ್ಮ ಕಡೀ ಇರೂ ಈ ಕುಲದ ಮರಿಗೋಳು ಮೈಗೆಲ್ಲಾ ಮಣ್ಣ ಮೆತ್ತಿಕೊಂಡ ಮ್ಯಾಲೆ ಬರ್ತಾವು. ಪೊರಿ ಮ್ಯಾಲೂ ಅದು ಹಂಗ ಒಣಗಿರ್ತೈತಿ. ಇದಕ್ಕೂ ಇತ್ತಲ್ಲ?"

"ಇದು ಎಲ್ಲಿ ಇರ್ತೈತ್ರಿ ಸರ್? ಗುಡ್ಡದಾಗ ಅಷ್ಟನ?"

"ಗುಡ್ಡದಾಗೂ ಇರ್ತೈತಿ, ಕಾಲುವಿ ಬಾಜೂಕಿನ ಬೇವಿನ ಗಿಡದಾಗೂ ಇರ್ತೈತಿ." ಅರಳಿದ್ದ ಮುಖ ಸಣ್ಣಗಾಯಿತು. "ಹುಳದ ಮ್ಯಾಲಿಂದ ಜಾಗಾ ಹೇಳಾಕ ಬರೂದಿಲ್ಲ ತಂಗಿ. ಹೇಳಬೇಕಂದ್ರ ಅದರ ಮೈಮ್ಯಾಲಿನ..."

ಸರ್ ಬಟ್ಟಲಿದ್ದ ಜಾಗದ ಕಡೆ ನೋಡಿದರು. ಕಾಲುವೆಯ ದಂಡೆಯದು ಕರೀ ಎರೆಮಣ್ಣು. ಗುಡ್ಡದ್ದು ಕೆಂಪು. ನಾನು ಬಚ್ಚಲಿಗೆ ಓಡಿದೆ. ಬಟ್ಟಲು ಬೂದಿ ಹಚ್ಚಿ ತಿಕ್ಕಿಸಿಕೊಂಡು ಬೋರಲು ಬಿದ್ದಿತ್ತು, ಬಚ್ಚಲಿನ ಕರೀ ಕಲ್ಲಿನ ಮೇಲೆ ಪಾತ್ರೆಯ ನೀರೆಲ್ಲ ಹರಿದುಹೋಗಿತ್ತು. ಶುಭಮ್‌ನನ್ನು ಕೊಂದವರು ಚಪ್ಪಲಿ ತೊಳೆದಿದ್ದರು. ಅವರು ತೊಳೆಯಲು ಮರೆತಿದ್ದನ್ನು ನಾವು ಸೋಪು ಹಾಕಿ ತೊಳೆದಿದ್ದೆವು.

"ಸರ್, ಮಣ್ಣು ಯಾವ ಬಣ್ಣ ಇತ್ರಿ?"

ಅವರು ಕನ್ನಡಕ ತೆಗೆದರು. "ನಾ ಹುಳ ನೋಡಿದ್ನವಾ. ಮಣ್ಣು ಇತ್ತು. ಬಣ್ಣ ನೋಡ್ಲಿಲ್ಲ."

ನಾನಾದರೂ ನೋಡಿದ್ದೆನೇ? ದೀಪ ಹಿಡಿದು ನಿಂತವಳ ಕಣ್ಣು ಪೂರ್ತಿ ಸರ್ ಕೈಯ ಮೇಲಿತ್ತು. ಡಬ್ಬಿಯ ತಳದಲ್ಲಿ ಹಳೆಯ ಕುಂಕುಮದ ಪುಡಿಯ ಹೊರತು ಏನೂ ಕಾಣಲಿಲ್ಲ. ಮೊಬೈಲಿನಲ್ಲಿದ್ದ ಫೋಟೊ ತೆರೆದು ನೋಡಿದೆ. ಹಳದಿ ಬಲ್ಬಿಗೆ ಟವೆಲ್ಲು, ಡಬ್ಬಿ, ನನ್ನ ಬೆರಳು, ಪೊರೆ ಎಲ್ಲವೂ ಚಹಾದ ಬಣ್ಣಕ್ಕಿದ್ದವು. ದಾಕ್ಷಾಯಿಣಿ ಅಕ್ಕ ಬಾಗಿಲಲ್ಲಿ ನಿಂತು "ಏನ್ ಚೆಲ್ಲಿಬಿಟ್ಟೆ ನಾ?" ಅಂತ ಕೇಳುತ್ತಲೇ ಇದ್ದರು.

ಅಕ್ಕ ಒಳಗೆ ಹೋದ ಮೇಲೆ ಸರ್ ದನಿ ತಗ್ಗಿಸಿ ಹೇಳಿದರು: "ಗುಡ್ಡದಾಗ ಇಂಥಾ ಪೊರಿ ಬೇಕಾದಷ್ಟು ಸಿಗ್ತಾವು. ನಾಳೆ ಹೋಗಿ ಒಂದ್ ತರೋಣು. ಅದನ್ನ ತೊಳಿಯೂದು ಬ್ಯಾಡ."

ಹೂಂ ಅನ್ನುವುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆ ಶಿದ್ಲಿಂಗಪ್ಪನ ಮೇಲೆ ನನಗಿರುವ ಸಿಟ್ಟಿಗೆ ಒಂದು ಪೊರೆಯೇನು, ಗುಡ್ಡದ ಪೊರೆಯನ್ನೆಲ್ಲ ಆರಿಸಿ ತರುತ್ತಿದ್ದೆ. ಆದರೆ ಆ ಕ್ಷಣವೇ ಇನ್ನೊಂದು ಯೋಚನೆ ಬಂತು. ತೊಳೆದುಹೋದ ಮಣ್ಣು ಕರೀದೇ ಆಗಿದ್ದರೆ? ತಮ್ಮ ನಿಜವಾಗಿಯೂ ಜಳಕಕ್ಕೇ ಇಳಿದಿದ್ದರೆ? ಅಲ್ಲಿಯವರೆಗೆ ನನಗೆ ಒಂದು ಚೂರೂ ಅನುಮಾನ ಇರಲಿಲ್ಲ. ಸುಳ್ಳು ಪೊರೆಯನ್ನು ಒಯ್ದು ಕೊಟ್ಟರೆ ಕೇಸು ಆದೀತು, ಅವನು ಹೇಗೆ ಸತ್ತ ಎಂಬುದು ಮಾತ್ರ ನನಗೆ ಸಾಯುವತನಕ ತಿಳಿಯುವುದಿಲ್ಲ. ನನಗೆ ಅದು ತಿಳಿಯಲೇಬೇಕಿತ್ತು.

"ಬ್ಯಾಡ್ರಿ ಸರ್," ಅಂದೆ.

ಅವರು ತಲೆ ತಗ್ಗಿಸಿದರು. ಆಮೇಲೆ ಥಟ್ಟನೆ ಕೇಳಿದರು: "ಟವೆಲ್ಲಿಂದ ಬಿಡಿಸಿದವ್ರು ಯಾರು?"

"ನಮ್ಮವ್ವ."

"ಬೆಳಕಿನ್ಯಾಗ ಹೌದಿಲ್ಲೋ? ಹಂಗಾರ ಅವ್ರು ಕೈಲೆ ಹಿಡದು ನೋಡಿರ್ತಾರ. ಕೆಂಪು ಅಂತ ಅವ್ರು ಖಾತ್ರಿ ಹೇಳಿದ್ರ, ತಾಯಿ ಹೇಳಿಕಿ ಸಮೇತ ನಾ ಬರದು ಸಹಿ ಮಾಡ್ತೇನಿ. ತೊಳದಿದ್ದು ನಾನ ಅಂತ ಅದನ್ನೂ ಬರೀತೇನಿ. ಕಾಗದ ಹಿಡಕೊಂಡು ನಾನ ಸಾಹೇಬರ ಮುಂದ ಕುಂದರ್ತೇನಿ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಯೋಚನೆ. ಯಾವ ಬಣ್ಣ ಬೇಕು ಅಂತ ಅವ್ವನಿಗೆ ಸುಳಿವು ಕೊಡಬಾರದು. ಸುಳಿವು ಸಿಕ್ಕರೆ ಮಗನಿಗಾಗಿ ಅದನ್ನೇ ಹೇಳುತ್ತಾಳೆ. ಅವ್ವನ ಕಣ್ಣು ಚುರುಕು. ಎಳ್ಳಿನಲ್ಲಿ ಸೇರಿದ ಹರಳನ್ನು ಈ ವಯಸ್ಸಿನಲ್ಲೂ ಆರಿಸುತ್ತಾಳೆ. ಅವಳು ನೋಡಿರದೆ ಹೋಗುವ ಮಾತೇ ಇಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ.

"ಅವ್ವಾ, ಟವೆಲ್ಲಿನ್ಯಾಗ ಆ ಪೊರಿ ಸಿಕ್ತಲ್ಲ, ಅದರ ಮೈಮ್ಯಾಲ ಮಣ್ಣಿತ್ತು. ಯಾವ ಬಣ್ಣ ಇತ್ತು? ಅವಸರ ಮಾಡಬ್ಯಾಡ. ನೆನಪ ಮಾಡಿಕೊಂಡು ಖರೆ ಹೇಳು."

ಅವ್ವ ಬಡಿಯುವುದನ್ನು ನಿಲ್ಲಿಸಿದಳು. ಹಿಟ್ಟು ಹತ್ತಿದ ಅಂಗೈಯನ್ನು ಮುಂದೆ ಚಾಚಿ, ಪೊರೆ ಈಗಲೂ ಅದರ ಮೇಲಿದೆಯೇನೋ ಎಂಬಂತೆ ಬಹಳ ಹೊತ್ತು ನೋಡಿದಳು. ಹೆಂಚಿನ ಮೇಲಿನ ರೊಟ್ಟಿ ಸೀಯಿತು. ಇಬ್ಬರೂ ತೆಗೆಯಲಿಲ್ಲ.

"ಬಣ್ಣ ನೋಡ್ಲಿಲ್ಲವಾ," ಅಂದಳು. "ಒಳಗ ಜೀವ ಐತೇನೋ ಅಂತ ನೋಡಿದೆ."