ಹೊಲಿಗೆ ಕೋಣೆಯ ಭಾಷೆ

ಹೊಲಿಗೆ ಕೋಣೆಯ ಬಾಗಿಲ ಆಚೆ ಯಾರೋ ಹುಡುಗಿ ಗಂಟಲೆತ್ತಿ ಕತೆ ಹೇಳುತ್ತಿದ್ದಳು. ಸೀಮೆಸುಣ್ಣದ ಡಬ್ಬಿ ಹಿಡಿದು ಆ ಕಡೆ ಹೊರಟಿದ್ದ ದೊಡ್ಡ ಮೇಡಂ ನಿಂತರು. ಮಾತು ಅರ್ಥವಾಗಲಿಲ್ಲ; ಗಡಿಯಾಚೆಯ ಭಾಷೆ. ನಡುನಡುವೆ ಹುಡುಗಿ ದನಿ ದಪ್ಪ ಮಾಡಿ ಯಾರನ್ನೋ ಅಣಕಿಸುತ್ತಿದ್ದಳು, ಉಳಿದವರು ಬಿದ್ದು ಬಿದ್ದು ನಗುತ್ತಿದ್ದರು. ಇಷ್ಟು ಚುರುಕು ಬಾಯಿಯವಳು ನಮ್ಮ ಶಾಲೆಯಲ್ಲಿ ಯಾರಪ್ಪಾ ಎಂದು ಬಾಗಿಲು ತಳ್ಳಿದರೆ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದವಳು ಮೊಗ್ಗು.

ಆ ಹೆಸರಿಟ್ಟವರು ಮೇಡಮ್ಮೇ. ಯುದ್ಧದಿಂದ ತಪ್ಪಿಸಿಕೊಂಡು ಅಜ್ಜಿಯ ಸೆರಗು ಹಿಡಿದು ಬಂದ ಮಗು ಎಷ್ಟೋ ಕಾಲ ಬಾಯಿಯೇ ಬಿಟ್ಟಿರಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಕೈ ಹಿಡಿದು ಅಕ್ಷರ ತಿದ್ದಿಸಿದ್ದರು. ಈಗ ಹದಿಮೂರು ತುಂಬಿದರೂ ಕೇಳಿದ್ದಕ್ಕೆ ಉತ್ತರ, ಅಷ್ಟೇ. ನಕ್ಕಿದ್ದನ್ನು ಮೇಡಂ ಒಮ್ಮೆಯೂ ಕಂಡಿರಲಿಲ್ಲ.

ಮೊಗ್ಗು ಮೇಜಿನಿಂದ ಧುಮುಕಿ ತಲೆ ತಗ್ಗಿಸಿದಳು. ಅಣಕಿಸಿದ್ದು ತನ್ನನ್ನೇ ಎಂದು ಸೊಂಟಕ್ಕೆ ಕೈಯಿಟ್ಟಿದ್ದ ಆ ನಿಲುವಿನಿಂದಲೇ ಮೇಡಂಗೆ ತಿಳಿಯಿತು. ಅದು ನೋಯಲಿಲ್ಲ. ಮಕ್ಕಳ ನಡುವೆ ನೆಲದ ಮೇಲೆ ಕೂತಿದ್ದ ಹೊಲಿಗೆ ಟೀಚರ್ ನಕ್ಕೂ ನಕ್ಕೂ ಕಣ್ಣೊರೆಸಿಕೊಳ್ಳುತ್ತಿದ್ದಳಲ್ಲ, ಅದು ಚುಚ್ಚಿತು. ಆ ಮಕ್ಕಳಂತೆ ಗಡಿಯಾಚೆಯಿಂದಲೇ ಓಡಿಬಂದವಳು, ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿರಲಿಲ್ಲ. ಮಕ್ಕಳು ಅವಳನ್ನು ಕರೆಯುವ ಪದಕ್ಕೆ ಅವರ ಭಾಷೆಯಲ್ಲಿ ಚಿಕ್ಕಮ್ಮ ಎಂದರ್ಥವಂತೆ. ಹಾಳುಬಿದ್ದ ಗೋದಾಮಿನಲ್ಲಿ ಶಾಲೆ ಕಟ್ಟಿದವರು, ದಾನಿಗಳ ಮುಂದೆ ಸೆರಗೊಡ್ಡಿದವರು, ಹೆಣ್ಣಿಗ್ಯಾಕೆ ಓದು ಎಂದ ಅಪ್ಪಂದಿರ ಮನೆಗೆ ಚಪ್ಪಲಿ ಸವೆಸಿದವರು ಮೇಡಂ. ಗಿಡ ನೆಟ್ಟವರು ಯಾರೋ, ಹೂ ಮುಡಿದವರು ಯಾರೋ.

ಮರುದಿನ ಪ್ರಾರ್ಥನೆಯ ಹೊತ್ತಿಗೆ ಹೊಸ ನಿಯಮ ಹೊರಬಿತ್ತು: ಶಾಲೆಯ ಒಳಗೆ ಶಾಲೆಯ ಭಾಷೆಯೊಂದೇ.

ಹೊಲಿಗೆ ಟೀಚರ್ ಆಫೀಸಿನ ಬಾಗಿಲಿಗೆ ಬಂದಳು. "ಮೇಡಂ, ಹೊಲಿಗೆ ಕ್ಲಾಸಲ್ಲಾದ್ರೂ ಬಿಡಿ. ಸೂಜಿ ಚುಚ್ಚಿದ್ರೆ ಮಕ್ಕಳು ಯಾವ ಭಾಷೇಲಿ ಅಮ್ಮಾ ಅನ್ಬೇಕು?"

"ಅದನ್ನೂ ಕಲೀಲಿ. ದಾನಿಗಳು ಹೇಳಿದಾರೆ, ಪರೀಕ್ಷೆ ಪಾಸಾಗ್ಬೇಕು ಅಂತ. ನನ್ನ ಕೈಯಲ್ಲೇನಿದೆ?"

ದಾನಿಗಳು ಅಂಥದ್ದೇನನ್ನೂ ಹೇಳಿರಲಿಲ್ಲ.

ಹೊಲಿಗೆ ಕೋಣೆಯಿಂದ ಅಂದಿನಿಂದ ಮೆಷಿನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆ ಮೌನ ಕೇಳಿ ಮೇಡಂಗೆ ಎರಡು ದಿನ ನೆಮ್ಮದಿಯ ನಿದ್ದೆ ಬಂತು. ಮುಂದಿನ ವಾರ ಮೊಗ್ಗು ಶಾಲೆಗೆ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

"ಮೊಗ್ಗು ಮನೆಗೆ ನಾನೂ ಬರ್ಲಾ ಮೇಡಂ? ಅಜ್ಜಿಗೆ ನಿಮ್ಮ ಮಾತು ಬರಲ್ಲ" ಎಂದಳು ಹೊಲಿಗೆ ಟೀಚರ್.

"ಬೇಡ. ಹುಡುಗಿ ಇದಾಳಲ್ಲ, ಹೇಳ್ತಾಳೆ" ಎಂದು ಮೇಡಂ ಒಬ್ಬರೇ ಹೊರಟರು.

ತಗಡಿನ ಮನೆಗಳ ಸಾಲಿನ ಕೊನೆಯಲ್ಲಿ ಅಜ್ಜಿ ಹೊಸ್ತಿಲ ಮೇಲೆ ಕೂತು ಹಳೇ ಸ್ವೆಟರ್ ಬಿಚ್ಚಿ ಉಣ್ಣೆ ಸುತ್ತುತ್ತಿದ್ದಳು. ಮೊಗ್ಗು ಒಳಗಿಂದ ಬಂದು ಚಾಪೆ ಹಾಸಿದಳು. ಮೇಡಂ ಕೂತು, ಯಾಕೆ ಶಾಲೆ ಬಿಡಿಸಿದಿರಿ ಎಂದು ಕೇಳಿದರು. ಮೊಗ್ಗು ಅದನ್ನು ತಮ್ಮ ಭಾಷೆಗೆ ತಿರುಗಿಸಿದಾಗ ಅಜ್ಜಿ ದಾರ ಸುತ್ತುವುದನ್ನು ನಿಲ್ಲಿಸದೆ ಉದ್ದಕ್ಕೆ ಮಾತಾಡಿದಳು.

ಮೊಗ್ಗು ಪಾಠ ಒಪ್ಪಿಸುವವಳಂತೆ ಹೇಳಿದಳು: "ಅಜ್ಜಿ ಹೇಳ್ತಾರೆ, ಮುಂಚೆ ಇವಳು ಸಂಜೆ ಮನೆಗೆ ಬಂದು ಹೊಲಿಗೆ ಕ್ಲಾಸಲ್ಲಿ ಹೇಳಿದ ಕತೇನೆಲ್ಲ ನನಗೂ ಹೇಳ್ತಿದ್ಲು. ಅದ್ರಿಂದಾನೇ ನನಗೆ ದಿನ ಹೋಗ್ತಿತ್ತು. ಈಗ ಮತ್ತೆ ಬಾಯಿ ಕಟ್ಟಿದೆ. ಮೂಗಿ ಆಗೋಕೆ ಸ್ಕೂಲ್ ಯಾಕೆ, ಮನೇಲೇ ಆಗ್ಲಿ."

ಹುಡುಗಿ ತನ್ನನ್ನೇ 'ಇವಳು' ಎನ್ನುತ್ತಿದ್ದಾಳೆ. ಒಂದು ತಪ್ಪಿಲ್ಲ, ಒಂದು ತಡವರಿಕೆಯಿಲ್ಲ. ಇಷ್ಟು ಉದ್ದ ಅವಳು ತನ್ನ ಮುಂದೆ ಮಾತಾಡಿದ್ದು ಇದೇ ಮೊದಲು ಎಂದು ಮೇಡಂಗೆ ಹೊಳೆಯಿತು. ಮಾತು ಮಾತ್ರ ಅವಳದ್ದಲ್ಲ, ಅಜ್ಜಿಯದ್ದು.

ಅಜ್ಜಿ ಮತ್ತೇನೋ ಕೇಳಿದಳು.

"ಆ ನಿಯಮ ಮಾಡಿದ್ದು ದುಡ್ಡು ಕಳಿಸೋರಾ, ನೀವಾ ಅಂತ."

ದಾನಿಗಳು ಎಂಬ ಮಾತು ಮೇಡಂ ನಾಲಗೆಯ ತುದಿಗೆ ಬಂತು. ಅಜ್ಜಿ ಕೈ ನಿಲ್ಲಿಸಿ ನೋಡುತ್ತಿದ್ದಳು.

"ನಾನೇ."

"ಯಾಕೆ ಅಂತ ಕೇಳ್ತಾರೆ."

ಹೇಳಲು ಕಾರಣಗಳಿಗೇನು ಬರವಿರಲಿಲ್ಲ. ಮೇಡಂ ಹುಡುಗಿಯ ಮುಖ ನೋಡದೆ, ಉಣ್ಣೆಯ ಉಂಡೆ ನೋಡುತ್ತ ಹೇಳಿದರು: "ನೀವೆಲ್ಲ ನಗ್ತಾ ಇದ್ರಿ. ನಾನು ಹೊರಗೆ ನಿಂತಿದ್ದೆ. ತಡ್ಕೊಳೋಕೆ ಆಗ್ಲಿಲ್ಲ."

ಮೊಗ್ಗು ಅಜ್ಜಿಗೆ ತಗ್ಗಿದ ದನಿಯಲ್ಲಿ ಹೇಳಿದಳು, ಮೇಡಂ ಆಡಿದ್ದಕ್ಕಿಂತ ಎಷ್ಟೋ ಹೆಚ್ಚು ಮಾತುಗಳಲ್ಲಿ. ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕು, ಮೇಡಂ ಮೊಣಕಾಲ ಮೇಲೆ ಒಂದೇಟು ಹಾಕಿ ಏನೋ ಅಂದಳು.

"ಏನಂದ್ರು?"

"ಇಷ್ಟು ವಯಸ್ಸಾದ್ರೂ..." ಮೊಗ್ಗು ತುಟಿ ಕಚ್ಚಿಕೊಂಡಳು. "ಟೀ ಕುಡಿದು ಹೋಗ್ಬೇಕಂತೆ."

"ನಾಳೆಯಿಂದ ಆ ನಿಯಮ ಇಲ್ಲ. ಹೊಲಿಗೆ ಟೀಚರ್‌ಗೆ ನಾನೇ ಹೇಳ್ತೀನಿ. ಬರ್ತೀಯಾ?"

ಹೊಲಿಗೆ ಟೀಚರ್ ಎಂದೊಡನೆ ಹುಡುಗಿಯ ಮುಖ ಅರಳಿತು. ಮೇಡಂ ಅದನ್ನು ಕಂಡರು. ಅದು ಮತ್ತೆ ಚುಚ್ಚಿತು. ಟೀ ಬಿಸಿಯಿತ್ತು, ಗುಟುಕರಿಸಿ ಎದ್ದರು.

ಬಸ್ ನಿಲ್ದಾಣದವರೆಗೂ ನಾಯಿಗಳ ಕಾಟ. ಮೊಗ್ಗು ಒಂದು ಕೋಲು ಹಿಡಿದು ಮುಂದೆ ಮುಂದೆ ನಡೆದಳು. ರಸ್ತೆ ಸಿಕ್ಕಿದಾಗ ಅವಳು ತಿರುಗಿ ನಿಂತು, ಮೇಡಂ ಮುಖ ನೋಡಿ, ತನ್ನ ಭಾಷೆಯಲ್ಲಿ ಒಂದೇ ಒಂದು ಪದ ಹೇಳಿದಳು. ಮೇಡಂ ಅರ್ಥ ಕೇಳುವ ಮೊದಲೇ ಕೋಲು ಬೀಸುತ್ತ ಓಡಿಹೋದಳು.

ಹೋಗಿ ಬನ್ನಿ ಎಂದಿರಬಹುದು. ಜೋಪಾನ ಎಂದಿರಬಹುದು. ಅಜ್ಜಿ ಅಂದ ಬೈಗುಳವೇ ಇದ್ದರೂ ಇರಬಹುದು. ಬೆಳಿಗ್ಗೆ ಹೊಲಿಗೆ ಟೀಚರನ್ನು ಕೇಳಿದರೆ ಒಂದು ಗಳಿಗೆಯಲ್ಲಿ ಬಿಡಿಸಿ ಹೇಳಿಯಾಳು. ಅವಳನ್ನು ಮಾತ್ರ ಕೇಳುವುದಿಲ್ಲ ಎಂದುಕೊಂಡರು ಮೇಡಂ. ಬಸ್ಸು ಬಂದು ನಿಂತಿತು. ಕಿಟಕಿ ಪಕ್ಕದ ಸೀಟಿನಲ್ಲಿ ಕೂತು, ಯಾರಿಗೂ ಕೇಳದಂತೆ, ಮರೆತುಹೋಗದಂತೆ, ಆ ಪದವನ್ನು ತುಟಿಯಲ್ಲೇ ತಿದ್ದತೊಡಗಿದರು.