ಡೊಲೊರಿಟಾ ಹೂಂ ಅಂದದ್ದು

ಬೊಗುಮಿಲ್ ಸಿನಿಮಾಗಳಲ್ಲಿ ಬೇಗ ಸಾಯುತ್ತಿದ್ದ. ಕಾವಲುಗಾರನಾಗಲಿ, ಬ್ಯಾಂಕಿನ ಗುಮಾಸ್ತನಾಗಲಿ, ಮೊದಲ ಗುಂಡು ಅವನಿಗೇ. ಚಿತ್ರಮಂದಿರಕ್ಕೆ ತುಸು ತಡವಾಗಿ ಹೋದರೆ ಗಂಡನ ಮುಖ ನೋಡಲು ಸಿಗುವುದಿಲ್ಲ ಎಂದು ಅವನ ಹೆಂಡತಿ ನಗುತ್ತಿದ್ದಳು. ಹಾಗಾಗಿ ನಮ್ಮ ಲುಬ್ಲಿನ್ ಊರಿನಲ್ಲಿ ಅವನ ಮುಖ ಯಾರಿಗೂ ಗೊತ್ತಿರಲಿಲ್ಲ. ದನಿ ಮಾತ್ರ ಮನೆಮನೆಗೂ ಗೊತ್ತಿತ್ತು.

ನಮ್ಮ ಟೀವಿಯಲ್ಲಿ ಪರದೇಶದ ಧಾರಾವಾಹಿ ಬಂದರೆ ಒಬ್ಬನೇ ಕೂತು ಗಂಡು ಹೆಣ್ಣೆನ್ನದೆ ಎಲ್ಲರ ಮಾತನ್ನೂ ನಮ್ಮ ಭಾಷೆಯಲ್ಲಿ ಓದುತ್ತಾನೆ. ನಾಯಕಿ ಅತ್ತರೂ ಖಳ ಅಬ್ಬರಿಸಿದರೂ ಓದುವವನ ದನಿ ಏರಬಾರದು, ಇಳಿಯಬಾರದು. ಬೊಗುಮಿಲ್ ಬೆಳಗ್ಗೆಯೆಲ್ಲ ಅದನ್ನು ಮಾಡಿ, ಮಧ್ಯಾಹ್ನ ನಾಟಕಶಾಲೆಗೆ ಹೋಗಿ ಮಾತಿಗೆ ಭಾವ ತುಂಬುವುದನ್ನು ಕಲಿಸುತ್ತಿದ್ದ. "ಬೆಳಗ್ಗೆ ಉಳಿಸಿದ ಭಾವಾನೆಲ್ಲ ಮಧ್ಯಾಹ್ನ ಹಂಚ್ತೀಯಾ?" ಎಂದು ಅವನ ಜೊತೆ ನಟಿಸುತ್ತಿದ್ದ ನಾನು ಕೆಣಕುತ್ತಿದ್ದೆ.

ನಮ್ಮ ರಂಗಮಂದಿರದಲ್ಲಿ ಅವನ ಪಾಲಿಗೆ ತಟ್ಟೆ ಹಿಡಿದು ಬಂದು ಹೋಗುವ ಪಾತ್ರಗಳೇ. ಅರವತ್ತು ಹತ್ತಿರವಾದಾಗ ಕೊನೆಗೂ ದೊಡ್ಡದೊಂದು ಸಿಕ್ಕಿತು: ಬಿಟ್ಟುಹೋದ ಹೆಂಡತಿಯ ಬಳಿ ಮರಳಿ ಬಂದು ಕ್ಷಮೆ ಕೇಳುವ ಗಂಡ. ಆ ಹೆಂಡತಿಯ ಪಾತ್ರ ನನ್ನದು.

ಮೊದಲ ಪ್ರದರ್ಶನದ ದಿನ ಅವನು ನನ್ನೆದುರು ಮಂಡಿಯೂರಿ, ಸುಳ್ಳು ಹೇಳಿದ್ದು ನಿಜ, ಆದರೆ ಪ್ರೀತಿಸಿದ್ದು ನಿನ್ನನ್ನೇ ಎಂದ. ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ ಒಬ್ಬ ಅಜ್ಜಿ ನನಗೆ ಬುದ್ಧಿ ಹೇಳುವಂತೆ ಗಟ್ಟಿಯಾಗಿ ಅಂದಳು: "ನಂಬಬೇಡ ಮಗಳೇ. ಡೊಲೊರಿಟಾಗೂ ಇದನ್ನೇ ಹೇಳಿದ್ದ."

ಡೊಲೊರಿಟಾ ಅವನು ಓದುತ್ತಿದ್ದ ಧಾರಾವಾಹಿಯ ನಾಯಕಿ. ಅವಳಿಗೆ ಮೋಸ ಮಾಡಿದವನ ಮಾತೂ ಇದೇ ದನಿಯಲ್ಲಿ ಬಂದಿತ್ತು. ಊರಿಗೆ ಊರೇ ಅವಳಿಗಾಗಿ ಅತ್ತಿತ್ತು. ಈಗ ಊರಿಗೆ ಊರೇ ನಕ್ಕಿತು. ಬೊಗುಮಿಲ್‌ನ ಕಿವಿ ಕೆಂಪಾದವು. ಎದ್ದು ಹೋಗಿಬಿಡುತ್ತಾನೇನೋ ಎಂದು ನಾನು ಹೆದರಿದೆ. ಅವನು ಊರಿದ ಮಂಡಿಯಲ್ಲೇ ಆ ಕಡೆ ತಿರುಗಿದ.

"ಅಮ್ಮಾ, ಡೊಲೊರಿಟಾ ಆವತ್ತು ಹೂಂ ಅಂದಿದ್ದೂ ನಾನೇ. ಇವಳು ಏನಂತಾಳೋ ನಂಗೊತ್ತಿಲ್ಲ. ಅದಕ್ಕೇ ಇನ್ನೊಂದ್ಸಲ ಕೇಳ್ತೀನಿ."

ನಗು ನಿಂತಿತು. ಅವನು ನನ್ನ ಕಡೆ ಹೊರಳಿ ಅದೇ ಮಾತನ್ನು ಮತ್ತೆ ಹೇಳಿದ. ಎಂದೂ ಅಲುಗದ ಆ ದನಿ ನಡುವೆ ಒಡೆಯಿತು. ನನಗೆ ನನ್ನ ಮಾತು ಮರೆತುಹೋಗಿ ಸುಮ್ಮನೆ ಅವನ ತಲೆಯ ಮೇಲೆ ಕೈಯಿಟ್ಟೆ. ಪರದೆ ಬಿತ್ತು.

ನಿರ್ದೇಶಕ ತೆಯೊಫಿಲ್ ಬಣ್ಣದ ಕೋಣೆಗೆ ಬಂದು, ಪ್ರೇಕ್ಷಕರ ಜೊತೆ ಹರಟುವುದಕ್ಕೆ ಇದೇನು ಸಂತೆಯೇ ಎಂದು ಕೂಗಾಡಿದ. ಪ್ರೇಕ್ಷಕರತ್ತ ನೋಡಲೇಬಾರದೆಂದು ಕಲಿಸಿದ ಮೇಷ್ಟ್ರ ಪಾಡನ್ನು ವಿದ್ಯಾರ್ಥಿಗಳು ಬಾಗಿಲಲ್ಲಿ ನಿಂತು ಸವಿಯುತ್ತಿದ್ದರು. ಬೊಗುಮಿಲ್ ತಪ್ಪು ತನ್ನದೇ ಎಂದು ಒಪ್ಪಿಕೊಂಡ.

ಅಷ್ಟರಲ್ಲಿ ಮೊಮ್ಮಗಳ ತೋಳು ಹಿಡಿದು ಅಜ್ಜಿಯೇ ಬಂದಳು. ಅವಳಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ದನಿಯ ಜಾಡು ಹಿಡಿದು ಅವನ ಹತ್ತಿರ ನಿಂತಳು.

"ಇಷ್ಟು ವರ್ಷ ಟೀವೀಲಿ ನೀನು ಯಾರ ಪಕ್ಷಾನೂ ವಹಿಸ್ಲಿಲ್ಲಪ್ಪಾ. ಇವತ್ತು ಒಬ್ಬನ ಪಕ್ಷ ವಹಿಸ್ದೆ. ಹೋಗ್ಲಿ, ನಿನ್ನ ಕ್ಷಮಿಸಿದ್ದೀನಿ."

ಬೈಗುಳಕ್ಕೆ ಜಗ್ಗದವನು ಗೋಡೆಗೆ ಮುಖ ಮಾಡಿ ಬಹಳ ಹೊತ್ತು ಬಣ್ಣ ಒರೆಸುತ್ತ ಕೂತ.

ಮುಂದಿನ ವರ್ಷದ ನಾಟಕದಲ್ಲಿ ತೆಯೊಫಿಲ್ ಅವನಿಗೆ ಗಡಿಯಾರ ರಿಪೇರಿ ಮಾಡುವ ಮೂಗನ ಪಾತ್ರ ಕೊಟ್ಟ. ಸೇಡೋ ತಮಾಷೆಯೋ, ಗೊತ್ತಿಲ್ಲ. ಪ್ರಧಾನ ಪಾತ್ರ, ಒಂದೂ ಮಾತಿಲ್ಲ. ಬೊಗುಮಿಲ್ ಮರುಮಾತಾಡದೆ ಒಪ್ಪಿದ. ಆ ವಾರವೇ ಮೂಕಾಭಿನಯದ ತರಗತಿಗೆ ಹೋಗಿ ತನ್ನದೇ ವಿದ್ಯಾರ್ಥಿಗಳ ನಡುವೆ ಕೂತ. ಅವನ ಕೈಗಳು ವಿಪರೀತ ಮಾತಾಡುತ್ತಿವೆ ಎಂದು ಒಬ್ಬ ಹುಡುಗಿ ತಿದ್ದಿದಳಂತೆ.